ಗಾಜಾದ ನೀರು

ಮೈಸೂರು ಜಿಲ್ಲೆಯ ತೆಂಕಣ ಭಾಗದಲ್ಲಿ, ಕಪಿಲಾ ನದಿಯ ದಡದ ಮೇಲೆ, ಸರಗೂರು ಎಂಬ ಊರಿದೆ. ಅದರ ಸುತ್ತಲಿನ ಹಳ್ಳಿಗಳಲ್ಲಿ ಹಸು ಸಾಕುವ ಮನೆಗಳ ಮಕ್ಕಳಿಗೆ ಒಂದು ನೋಟ ಚೆನ್ನಾಗಿ ಪರಿಚಿತ. ಹಸುವಿಗೆ ಕೃತಕ ಗರ್ಭಧಾರಣೆ ಮಾಡಿಸಬೇಕಾದಾಗ ಪಶುವೈದ್ಯ ಸಿಬ್ಬಂದಿಯವರು ಅಗಲವಾದ ಹೊಟ್ಟೆಯ, ಕಿರಿದಾದ ಕೊರಳಿನ ಒಂದು ಲೋಹದ ಪಾತ್ರೆಯ ಮುಚ್ಚಳವನ್ನು ತೆಗೆಯುತ್ತಾರೆ. ಕೂಡಲೇ ಅದರ ಬಾಯಿಯಿಂದ ಬಿಳಿಯ ಹೊಗೆಯಂಥದೊಂದು ಉಕ್ಕುತ್ತದೆ. ಒಲೆಯ ಹೊಗೆಯ ಹಾಗೆ ಅದು ಮೇಲಕ್ಕೇರುವುದಿಲ್ಲ. ಪಾತ್ರೆಯ ಮೈಯನ್ನು ತಬ್ಬಿಕೊಂಡು ನೆಲಕ್ಕೆ ಇಳಿಯುತ್ತದೆ. ಆ ಮಂಜಿನೊಳಗಿಂದ ಇಕ್ಕಳದ ತುದಿಯಲ್ಲಿ ಸಿಕ್ಕಿಸಿಕೊಂಡು ಸೂಜಿಯಷ್ಟು ತೆಳ್ಳಗಿನ ಒಂದು ನಳಿಕೆ ಹೊರಬರುತ್ತದೆ.

ಆ ಪಾತ್ರೆಯಲ್ಲಿರುವುದು ದ್ರವರೂಪದ ಸಾರಜನಕ. ನಾವು ಉಸಿರಾಡುವ ಗಾಳಿಯ ಐದು ಪಾಲಿನಲ್ಲಿ ಸುಮಾರು ನಾಲ್ಕು ಪಾಲು ಸಾರಜನಕವೇ. ಅದನ್ನು ದ್ರವವಾಗಿಸಿದಾಗ ಅದರ ಉಷ್ಣತೆ ಸೊನ್ನೆಗಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗಿರುತ್ತದೆ. ಹೊರಗೆ ಕಾಣುವ ಬಿಳಿಯ ಹೊಗೆ ಸಾರಜನಕವಲ್ಲ, ಸಾರಜನಕಕ್ಕೆ ಬಣ್ಣವಿಲ್ಲ. ಆ ಶೈತ್ಯಕ್ಕೆ ತಾಗಿದ ಗಾಳಿಯ ತೇವ ಹನಿಗಟ್ಟಿ ಮಂಜಾಗುವುದನ್ನೇ ನಾವು ಹೊಗೆಯೆಂದು ಕಾಣುತ್ತೇವೆ. ನಳಿಕೆಯಲ್ಲಿರುವುದು ಉತ್ತಮ ತಳಿಯ ಹೋರಿಯ ವೀರ್ಯ, ಕಾಲು ಮಿಲಿಲೀಟರಿನಷ್ಟು. ಅದು ಅಲ್ಲಿ ವರ್ಷಗಟ್ಟಲೆ ಕೆಡದೆ ಇರಬಲ್ಲುದು. ಬೆಚ್ಚಗಿನ ನೀರಿನಲ್ಲಿ ಅರೆ ನಿಮಿಷ ಅದ್ದಿದರೆ ನಿದ್ದೆಯಿಂದ ಎದ್ದಂತೆ ಜೀವಕೋಶಗಳು ಮತ್ತೆ ಚಲಿಸತೊಡಗುತ್ತವೆ.

ಇದೇ ದ್ರವ ಸಾರಜನಕದ ಇಂಥದೇ ಪಾತ್ರೆಗಳು ಬೆಂಗಳೂರಿನ ಕೆಲವು ಪ್ರಯೋಗಶಾಲೆಗಳಲ್ಲಿಯೂ ಇವೆ. ಅಲ್ಲಿಯೂ ಅವುಗಳೊಳಗೆ ಜೀವದ್ರವ್ಯವನ್ನೇ ಹೆಪ್ಪುಗಟ್ಟಿಸಿ ಇಟ್ಟಿರುತ್ತಾರೆ. ಆದರೆ ಉದ್ದೇಶ ಬೇರೆ. ಸರಗೂರಿನ ನಳಿಕೆಯನ್ನು ತಣ್ಣಗಿಟ್ಟಿರುವುದು ಅದರಲ್ಲಿರುವ ಜೀವ ಉಳಿಯಲೆಂದು. ಬೆಂಗಳೂರಿನ ಪಾತ್ರೆಯಲ್ಲಿರುವ ಪದಾರ್ಥವನ್ನು ತಣ್ಣಗಿಟ್ಟಿರುವುದು ಅದರ ರೂಪ ಇದ್ದದ್ದು ಇದ್ದಂತೆಯೇ ನಮ್ಮ ಕಣ್ಣಿಗೆ ಕಾಣಲೆಂದು. ಈ ಎರಡನೆಯ ಕೆಲಸ ಮೊದಲನೆಯದಕ್ಕಿಂತ ಎಷ್ಟು ಕಷ್ಟವಾದುದು, ಅದನ್ನು ಮನುಷ್ಯ ಹೇಗೆ ಕಲಿತ ಎಂಬುದೇ ಈ ಪಾಠದ ವಿಷಯ.

ಕಣ್ಣಿಗೆ ಕಾಣದ್ದನ್ನು ಕಾಣಲು ನಾವು ಸೂಕ್ಷ್ಮದರ್ಶಕವನ್ನು ಬಳಸುತ್ತೇವೆ. ನಿಮ್ಮ ಶಾಲೆಯ ಪ್ರಯೋಗಶಾಲೆಯಲ್ಲಿ ಈರುಳ್ಳಿಯ ಸಿಪ್ಪೆಯ ಕೋಶಗಳನ್ನು ನೋಡಿರಬಹುದು. ಆದರೆ ಬೆಳಕನ್ನು ಬಳಸುವ ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಒಂದು ಎಲ್ಲೆಯಿದೆ. ಬೆಳಕು ಅಲೆಗಳ ರೂಪದಲ್ಲಿ ಸಾಗುತ್ತದೆ. ಆ ಅಲೆಯ ಉದ್ದದ ಅರ್ಧಕ್ಕಿಂತಲೂ ಚಿಕ್ಕದಾದ ವಸ್ತುವಿನ ವಿವರ ಆ ಬೆಳಕಿಗೆ ಸಿಕ್ಕುವುದಿಲ್ಲ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಬರುವ ಒಂದು ಭಾಗಕ್ಕೆ ನ್ಯಾನೋಮೀಟರ್ ಎಂದು ಹೆಸರು. ಬೆಳಕಿನಲ್ಲಿ ನಾವು ಸುಮಾರು 200 ನ್ಯಾನೋಮೀಟರಿನವರೆಗೆ ಮಾತ್ರ ಸ್ಪಷ್ಟವಾಗಿ ಕಾಣಬಲ್ಲೆವು. ಡೆಂಗೆ ಜ್ವರದ ವೈರಸ್ಸಿನ ಅಗಲವಾದರೋ ಕೇವಲ 50 ನ್ಯಾನೋಮೀಟರ್.

1931ರಲ್ಲಿ ಜರ್ಮನಿಯ ಅರ್ನ್ಸ್ಟ್ ರುಸ್ಕ ಮತ್ತು ಮ್ಯಾಕ್ಸ್ ನಾಲ್ ಎಂಬವರು ಬೆಳಕಿನ ಬದಲು ಎಲೆಕ್ಟ್ರಾನುಗಳ ಧಾರೆಯನ್ನು ಬಳಸುವ ಸೂಕ್ಷ್ಮದರ್ಶಕವನ್ನು ರಚಿಸಿದರು. ಎಲೆಕ್ಟ್ರಾನುಗಳಿಗೂ ಅಲೆಯ ಗುಣವಿದೆ. ಮೂರು ಲಕ್ಷ ವೋಲ್ಟಿನ ಒತ್ತಡದಿಂದ ಅವುಗಳನ್ನು ಓಡಿಸಿದರೆ ಅವುಗಳ ಅಲೆಯ ಉದ್ದ ಬೆಳಕಿನ ಅಲೆಗಿಂತ ಎರಡು ಲಕ್ಷ ಪಟ್ಟಿಗೂ ಕಿರಿದು. ಅಂದಮೇಲೆ ಜೀವಕೋಶದ ಒಳಗಿರುವ ಒಂದೊಂದು ಅಣುವನ್ನೂ ಇದರಿಂದ ನೋಡಿಬಿಡಬಹುದಲ್ಲವೆ?

ನೋಡಬಹುದಿತ್ತು, ಅಲ್ಲಿ ನೀರೊಂದು ಇರದಿದ್ದರೆ.

ಎಲೆಕ್ಟ್ರಾನುಗಳು ಗಾಳಿಯಲ್ಲಿ ದೂರ ಸಾಗಲಾರವು. ಗಾಳಿಯ ಕಣಗಳಿಗೆ ಬಡಿದು ಚೆದರಿಹೋಗುತ್ತವೆ. ಆದುದರಿಂದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಒಳಗಿನ ಗಾಳಿಯನ್ನೆಲ್ಲ ಹೊರಗೆಳೆದು ನಿರ್ವಾತವಾಗಿಸಿರುತ್ತಾರೆ. ನಿರ್ವಾತದಲ್ಲಿ ನೀರು ನಿಲ್ಲದು, ಕ್ಷಣಮಾತ್ರದಲ್ಲಿ ಆವಿಯಾಗಿಬಿಡುತ್ತದೆ. ಜೀವಕೋಶದ ತೂಕದಲ್ಲಿ ಮುಕ್ಕಾಲು ಪಾಲಿನಷ್ಟು ನೀರೇ ಇದೆ. ನೀರು ಹೋದ ಕೋಶವೆಂದರೆ ಕೆರೆ ಬತ್ತಿದ ಮೇಲೆ ಉಳಿದ ಬಿರುಕು ಬಿಟ್ಟ ಮಣ್ಣಿನ ಹಾಗೆ. ಅದನ್ನು ನೋಡಿ ಕೆರೆಯಲ್ಲಿ ತಾವರೆ ಹೇಗೆ ತೇಲುತ್ತಿತ್ತು ಎಂದು ಹೇಳಲಾದೀತೆ?

ಮೊದಲಿನ ವಿಜ್ಞಾನಿಗಳು ಇದಕ್ಕೆ ಕಂಡುಕೊಂಡ ಉಪಾಯ, ನೀರನ್ನು ಬೇಕೆಂದೇ, ಆದರೆ ನಿಧಾನವಾಗಿ, ತೆಗೆದುಹಾಕುವುದು. ಕೋಶವನ್ನು ಮೊದಲು ರಾಸಾಯನಿಕಗಳಲ್ಲಿ ನೆನೆಸಿ ಬಿಗಿಗೊಳಿಸುತ್ತಿದ್ದರು. ಆಮೇಲೆ ಮದ್ಯಸಾರದಲ್ಲಿ ಅದ್ದಿ ನೀರನ್ನು ಹೊರಗೆಳೆದು, ಆ ಜಾಗದಲ್ಲಿ ರಾಳದಂಥ ಪದಾರ್ಥವನ್ನು ತುಂಬಿ ಗಟ್ಟಿಯಾಗಿಸಿ, ತೆಳ್ಳನೆಯ ಹಾಳೆಗಳಾಗಿ ಕೊಯ್ದು, ಎಲೆಕ್ಟ್ರಾನುಗಳ ಕಣ್ಣಿಗೆ ಎದ್ದುಕಾಣುವಂತೆ ಸೀಸ, ಯುರೇನಿಯಂ ಮೊದಲಾದ ಭಾರದ ಲೋಹಗಳ ಲವಣವನ್ನು ಬಳಿಯುತ್ತಿದ್ದರು. ಈ ವಿಧಾನವನ್ನು ಹೀನಾಯವಾಗಿ ಕಾಣಬಾರದು. ಜೀವಕೋಶದ ಒಳಗಿನ ಅಂಗಾಂಗಗಳ ಬಗ್ಗೆ ನಿಮ್ಮ ವಿಜ್ಞಾನ ಪುಸ್ತಕದಲ್ಲಿರುವ ಬಹುಪಾಲು ಚಿತ್ರಗಳಿಗೆ ಅದೇ ಆಧಾರ. ಇಂದಿಗೂ ಅದು ಬಳಕೆಯಲ್ಲಿದೆ. ಆದರೆ ಅದರಿಂದ ಆದ ಒಂದು ಪ್ರಮಾದವನ್ನು ಇಲ್ಲಿ ಹೇಳಲೇಬೇಕು.

1950ರ ದಶಕದಲ್ಲಿ ಬ್ಯಾಕ್ಟೀರಿಯಗಳನ್ನು ಹೀಗೆ ಸಿದ್ಧಗೊಳಿಸಿ ನೋಡಿದವರಿಗೆ ಅವುಗಳ ಹೊರಪೊರೆ ಅಲ್ಲಲ್ಲಿ ಒಳಕ್ಕೆ ಮಡಿಸಿಕೊಂಡು ಸಣ್ಣ ಗಂಟುಗಳಂತೆ ಕಾಣಿಸಿತು. ಇದು ಒಂದು ಹೊಸ ಅಂಗವೆಂದು ಬಗೆದು ಅದಕ್ಕೆ ಮೀಸೋಸೋಮ್ ಎಂದು ಹೆಸರಿಟ್ಟರು. ಹೆಸರು ಬಂದ ಮೇಲೆ ಕೆಲಸವೂ ಇರಬೇಕಲ್ಲ! ಅದು ಬ್ಯಾಕ್ಟೀರಿಯದ ಉಸಿರಾಟಕ್ಕೆ ನೆರವಾಗುತ್ತದೆಂದು ಕೆಲವರೂ, ಕೋಶ ಇಬ್ಭಾಗವಾಗುವಾಗ ಸಹಕರಿಸುತ್ತದೆಂದು ಕೆಲವರೂ ವಾದಿಸಿದರು. ಆ ಅಂಗ ಪಠ್ಯಪುಸ್ತಕಗಳಲ್ಲಿ ಸೇರಿತು. ವಿದ್ಯಾರ್ಥಿಗಳು ಅದರ ಚಿತ್ರವನ್ನು ಬರೆದು ಗುರುತಿಸಿ ಅಂಕಗಳನ್ನೂ ಪಡೆದರು. ಆಮೇಲೆ ರಾಸಾಯನಿಕಗಳನ್ನು ಬಿಟ್ಟು, ಬ್ಯಾಕ್ಟೀರಿಯಗಳನ್ನು ಅವುಗಳ ನೀರಿನ ಸಮೇತ ಶೀಘ್ರವಾಗಿ ಹೆಪ್ಪುಗಟ್ಟಿಸಿ ನೋಡುವ ವಿಧಾನ ಬಂದಿತು. ಹಾಗೆ ನೋಡಿದಾಗ ಆ ಗಂಟುಗಳು ಕಾಣಿಸಲೇ ಇಲ್ಲ. 1983ರಲ್ಲಿ ಪ್ರಕಟವಾದ ಇಂಥ ಒಂದು ಅಧ್ಯಯನದ ಮುಂದಾಳು ಜಾಕ್ ದ್ಯುಬೋಶೆ. ಅವರ ವಿಷಯ ಮುಂದೆ ಬರುತ್ತದೆ. ಮೀಸೋಸೋಮ್ ಎಂಬುದು ಬ್ಯಾಕ್ಟೀರಿಯದ ಅಂಗವಲ್ಲ, ಅದನ್ನು ಸಿದ್ಧಗೊಳಿಸುವಾಗ ನಾವೇ ಉಂಟುಮಾಡಿದ ಸುಕ್ಕು ಎಂದು ಈಗ ತಿಳಿದಿದೆ. ಆದರೂ ಅದು ಕೆಲವು ಪುಸ್ತಕಗಳಿಂದ ಇನ್ನೂ ಪೂರ್ತಿಯಾಗಿ ಹೊರಟುಹೋಗಿಲ್ಲ. ಪುಸ್ತಕದೊಳಗೆ ಸೇರಿದ ತಪ್ಪು ಕೋಶದೊಳಗೆ ಸೇರಿದ ತಪ್ಪಿಗಿಂತ ಹಟಮಾರಿ!

ಹಾಗಾದರೆ ನೀರನ್ನು ಉಳಿಸಿಕೊಳ್ಳಬೇಕು. ಆವಿಯಾಗದಂತೆ ಅದನ್ನು ಹೆಪ್ಪುಗಟ್ಟಿಸಬೇಕು. ಇಷ್ಟು ಸರಳವಾದ ಯೋಚನೆ ಮೊದಲೇ ಯಾರಿಗೂ ಹೊಳೆಯಲಿಲ್ಲವೆ ಎಂದು ನೀವು ಕೇಳಬಹುದು. ಹೊಳೆದಿತ್ತು, ಆದರೆ ಮಂಜುಗಡ್ಡೆ ಅಡ್ಡ ಬಂದಿತು. ಅದು ಹೇಗೆಂಬುದನ್ನು ತಿಳಿಯಲು ಪ್ರಯೋಗಶಾಲೆಗೆ ಹೋಗಬೇಕಾಗಿಲ್ಲ, ಜಾತ್ರೆಗೆ ಹೋದರೆ ಸಾಕು.

ಜಾತ್ರೆಯಲ್ಲಿ ಮಾರುವ ಕೆಂಪು ಐಸ್‌ಕ್ಯಾಂಡಿಯನ್ನು ನೀವೆಲ್ಲರೂ ಚೀಪಿದ್ದೀರಿ. ಸ್ವಲ್ಪ ಹೊತ್ತು ಜೋರಾಗಿ ಹೀರಿದರೆ ಬಣ್ಣವೂ ಸಿಹಿಯೂ ಬಾಯಿಗೆ ಬಂದು, ಕಡ್ಡಿಯಲ್ಲಿ ಬರಿಯ ಬಿಳಿಯ ಸಪ್ಪೆ ಮಂಜು ಉಳಿಯುತ್ತದೆ. ಇದಕ್ಕೆ ಕಾರಣವೇನು? ನೀರು ನಿಧಾನವಾಗಿ ಹೆಪ್ಪುಗಟ್ಟುವಾಗ ಅದರ ಅಣುಗಳು ಕವಾಯತಿಗೆ ನಿಂತ ಮಕ್ಕಳ ಹಾಗೆ ಸಾಲುಸಾಲಾಗಿ ಜೋಡಣೆಗೊಳ್ಳುತ್ತವೆ. ಇದೇ ಸ್ಫಟಿಕ. ಆ ಸಾಲಿನಲ್ಲಿ ಸಕ್ಕರೆಗೂ ಬಣ್ಣಕ್ಕೂ ಜಾಗವಿಲ್ಲ. ಬೆಳೆಯುತ್ತಿರುವ ಸ್ಫಟಿಕಗಳು ಅವೆರಡನ್ನೂ ಪಕ್ಕಕ್ಕೆ ನೂಕುತ್ತವೆ. ನೂಕಿಸಿಕೊಂಡ ಸಕ್ಕರೆಯ ಪಾಕ ಸ್ಫಟಿಕಗಳ ಸಂದುಗಳಲ್ಲಿ ಸೇರಿಕೊಳ್ಳುತ್ತದೆ. ನೀವು ಹೀರಿದಾಗ ಬರುವುದು ಅದೇ. ಜೀವಕೋಶದೊಳಗೂ ಹೀಗೆಯೇ ಆಗುತ್ತದೆ. ಮಂಜಿನ ಸ್ಫಟಿಕಗಳು ಲವಣಗಳನ್ನೂ ಪ್ರೋಟೀನುಗಳನ್ನೂ ಒಂದು ಮೂಲೆಗೆ ಒತ್ತರಿಸುತ್ತವೆ. ಅವುಗಳ ಚೂಪಾದ ಅಂಚುಗಳು ತೆಳುವಾದ ಪೊರೆಗಳನ್ನು ಸೀಳುತ್ತವೆ. ಇಷ್ಟು ಸಾಲದೆಂಬಂತೆ, ನೀರು ಮಂಜಾಗುವಾಗ ಅದರ ಗಾತ್ರ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ಶೈತ್ಯಪೆಟ್ಟಿಗೆಯ ಮಂಜಿನ ಅರೆಯಲ್ಲಿ ಮರೆತು ಇಟ್ಟ ಟೊಮೇಟೊ ಹಣ್ಣು ಹೊರಗೆ ತೆಗೆದಾಗ ಏಕೆ ಮೆತ್ತಗಾಗಿ ಸೋರುತ್ತದೆಂಬುದು ಈಗ ನಿಮಗೆ ತಿಳಿಯಿತು.

ಹೋರಿಯ ವೀರ್ಯ ಹಾಗಾದರೆ ಹೇಗೆ ಉಳಿಯುತ್ತದೆ? ಅದಕ್ಕೆ ಗ್ಲಿಸರಾಲ್ ಎಂಬ ಸಿಹಿಯಾದ ಗಟ್ಟಿ ದ್ರವವನ್ನು ಬೆರೆಸಿರುತ್ತಾರೆ. ಅದು ಕೋಶದೊಳಗೆ ಸ್ಫಟಿಕ ಬೆಳೆಯುವುದನ್ನು ತಡೆಯುತ್ತದೆ. ಇಂಗ್ಲೆಂಡಿನ ಪೋಲ್ಜ್, ಸ್ಮಿತ್ ಮತ್ತು ಪಾರ್ಕ್ಸ್ ಎಂಬ ವಿಜ್ಞಾನಿಗಳು 1949ರಲ್ಲಿ ಪ್ರಕಟಿಸಿದ ಈ ಶೋಧವೇ ಇಂದು ಹಳ್ಳಿ ಹಳ್ಳಿಯ ಹಸುಗಳವರೆಗೆ ಬಂದಿದೆ. ಆದರೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಲಸಕ್ಕೆ ಗ್ಲಿಸರಾಲ್ ಅಷ್ಟಾಗಿ ಒಗ್ಗದು. ಅದು ಹೆಚ್ಚಾದಷ್ಟೂ ಪ್ರೋಟೀನಿಗೂ ಅದರ ಸುತ್ತಲಿನ ದ್ರವಕ್ಕೂ ನಡುವಿನ ಅಂತರ ಚಿತ್ರದಲ್ಲಿ ಅಳಿಸಿಹೋಗುತ್ತದೆ. ಹಾಲಿನಲ್ಲಿ ಬಿದ್ದ ಮಲ್ಲಿಗೆಯನ್ನು ಹುಡುಕಿದ ಹಾಗಾಗುತ್ತದೆ. 1975ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ರಿಚರ್ಡ್ ಹೆಂಡರ್ಸನ್ ಮತ್ತು ನೈಜೆಲ್ ಅನ್ವಿನ್ ಒಂದು ಪ್ರೋಟೀನಿನ ಚಿತ್ರ ತೆಗೆಯುವಾಗ ನೀರಿನ ಬದಲು ಗ್ಲೂಕೋಸನ್ನು ತುಂಬಿ ಆ ಪ್ರೋಟೀನು ಒಣಗದಂತೆ ಕಾಪಾಡಿದ್ದರು. ಸಕ್ಕರೆ ಪಾಕದಲ್ಲಿ ನೆಲ್ಲಿಕಾಯಿ ಕಾಪಾಡುವ ನಮ್ಮ ಅಡುಗೆಮನೆಯ ಬುದ್ಧಿಯೇ ಇದು. ಕೆಲಸ ಯಶಸ್ವಿಯಾಯಿತು, ಆದರೆ ಎಲ್ಲ ಬಗೆಯ ಪದಾರ್ಥಕ್ಕೂ ಅದು ಸಲ್ಲುವಂತಿರಲಿಲ್ಲ. ಅಮೆರಿಕದ ಟೇಲರ್ ಮತ್ತು ಗ್ಲೇಸರ್ ಎಂಬವರು ಆ ವೇಳೆಗಾಗಲೇ, 1974ರಲ್ಲಿ, ಪ್ರೋಟೀನಿನ ಹರಳುಗಳನ್ನು ಹೆಪ್ಪುಗಟ್ಟಿಸಿ ನಿರ್ವಾತದಲ್ಲಿಟ್ಟರೆ ನೀರು ಉಳಿಯುತ್ತದೆಂದೂ ಅವುಗಳ ಸೂಕ್ಷ್ಮ ರಚನೆ ಕೆಡುವುದಿಲ್ಲವೆಂದೂ ತೋರಿಸಿದ್ದರು. ಇನ್ನು ಬೇಕಾಗಿದ್ದುದು ಯಾವ ಬೆರಕೆಯೂ ಇಲ್ಲದ ಬರಿಯ ನೀರನ್ನು ಸ್ಫಟಿಕವಾಗದಂತೆ ಗಟ್ಟಿಗೊಳಿಸುವ ಉಪಾಯ.

ಸ್ಫಟಿಕವಾಗದ ಗಟ್ಟಿ ವಸ್ತು ಎಂದರೇನು? ಇದಕ್ಕೂ ಸಕ್ಕರೆಯೇ ಉದಾಹರಣೆ. ಸಕ್ಕರೆಯ ಪಾಕದಲ್ಲಿ ದಾರವನ್ನು ಇಳಿಬಿಟ್ಟು ದಿನಗಟ್ಟಲೆ ನಿಧಾನವಾಗಿ ಆರಲು ಬಿಟ್ಟರೆ ಕಲ್ಲುಸಕ್ಕರೆಯ ಹರಳುಗಳು ಬೆಳೆಯುತ್ತವೆ. ಅದೇ ಸಕ್ಕರೆಯನ್ನು ನೀರೆಲ್ಲ ಹೋಗುವಂತೆ ಕುದಿಸಿ, ಬಿಸಿಯಿರುವಾಗಲೇ ತಣ್ಣನೆಯ ಕಲ್ಲಿನ ಮೇಲೆ ಸುರಿದು ಬೇಗ ಆರಿಸಿದರೆ ಗಾಜಿನಂತೆ ಪಾರದರ್ಶಕವಾದ ಪೆಪ್ಪರಮೆಂಟು ಸಿಕ್ಕುತ್ತದೆ. ಅದರಲ್ಲಿ ಹರಳಿಲ್ಲ. ಅಣುಗಳು ಸಾಲುಗೂಡುವಷ್ಟರಲ್ಲಿ ಅವುಗಳ ಕಾಲು ಕಟ್ಟಿಹೋಯಿತು; ದ್ರವದಲ್ಲಿ ಹೇಗೆ ಚೆಲ್ಲಾಪಿಲ್ಲಿಯಾಗಿದ್ದುವೋ ಹಾಗೆಯೇ ನಿಂತುಬಿಟ್ಟುವು. ಕಿಟಕಿಯ ಗಾಜಿನ ರಚನೆಯೂ ಇಂಥದೇ. ನೀರನ್ನೂ ಹೀಗೆ ಗಾಜಾಗಿಸಬಹುದೆ?

ಸಕ್ಕರೆಯ ಪಾಕ ಮಂದ. ಅದರ ಅಣುಗಳು ಸಾವಕಾಶವಾಗಿ ಚಲಿಸುತ್ತವೆ. ನೀರಿನ ಅಣುಗಳು ಹಾಗಲ್ಲ, ಅತಿ ಚುರುಕು. ಅವು ಸಾಲುಗೂಡುವ ಮೊದಲೇ ಹಿಡಿದು ನಿಲ್ಲಿಸಬೇಕಾದರೆ ಸೆಕೆಂಡಿಗೆ ಲಕ್ಷ ಡಿಗ್ರಿಗಿಂತಲೂ ಹೆಚ್ಚಿನ ವೇಗದಲ್ಲಿ ನೀರನ್ನು ತಂಪುಗೊಳಿಸಬೇಕು. ದ್ರವರೂಪದ ಶುದ್ಧ ನೀರಿಗೆ ಇದು ಅಸಾಧ್ಯವೆಂದೇ ಬಹುಕಾಲ ತಿಳಿದವರು ಹೇಳುತ್ತಿದ್ದರು. 1980ರ ಸುಮಾರಿಗೆ ಜರ್ಮನಿಯ ಹೈಡೆಲ್ಬರ್ಗ್ ನಗರದ ಪ್ರಯೋಗಶಾಲೆಯೊಂದರಲ್ಲಿ ಈ ಅಸಾಧ್ಯದ ಹಿಂದೆ ಬಿದ್ದವರು ಸ್ವಿಟ್ಜರ್ಲೆಂಡಿನ ಜಾಕ್ ದ್ಯುಬೋಶೆ ಮತ್ತು ಅವರ ಸಹೋದ್ಯೋಗಿ ಅಲಾಸ್ಡೇರ್ ಮ್ಯಾಕ್‌ಡವೆಲ್.

ಮೊದಲು ಯಾರಿಗಾದರೂ ತೋಚುವುದು ದ್ರವ ಸಾರಜನಕದಲ್ಲಿ ಅದ್ದುವುದು. ಅದಕ್ಕಿಂತ ತಣ್ಣಗಿನದು ಸುಲಭವಾಗಿ ಎಲ್ಲಿ ಸಿಕ್ಕೀತು? ಆದರೆ ದೋಸೆಯ ಕಾವಲಿ ಚೆನ್ನಾಗಿ ಕಾದಿದೆಯೇ ಎಂದು ನೋಡಲು ಮನೆಯಲ್ಲಿ ನೀರು ಚಿಮುಕಿಸುವುದನ್ನು ನೆನಪಿಸಿಕೊಳ್ಳಿ. ಕಾವಲಿ ಸಾಧಾರಣ ಬಿಸಿಯಾಗಿದ್ದರೆ ಹನಿ ಚುಂಯ್ ಎಂದು ಒಣಗುತ್ತದೆ. ಕಾವಲಿ ಅತಿಯಾಗಿ ಕಾದಿದ್ದರೆ ಹನಿ ಗೋಲಿಯಾಗಿ, ಬಹಳ ಹೊತ್ತು ಒಣಗದೆ, ಅಲ್ಲಿಂದಿಲ್ಲಿಗೆ ಓಡಾಡುತ್ತದೆ. ಹನಿಯ ಅಡಿಯಲ್ಲಿ ಹುಟ್ಟಿದ ಆವಿ ಒಂದು ಮೆತ್ತೆಯಂತಾಗಿ ಕಾವಲಿಯ ಶಾಖ ಹನಿಗೆ ತಾಗದಂತೆ ತಡೆಯುವುದೇ ಇದಕ್ಕೆ ಕಾರಣ. ದ್ರವ ಸಾರಜನಕಕ್ಕೆ ನಮ್ಮ ಕೋಣೆಯ ಉಷ್ಣತೆಯ ಯಾವ ವಸ್ತುವಾದರೂ ಕೆಂಡದಂತೆ ಕಾದ ಕಾವಲಿಯೇ. ಅದರೊಳಗೆ ಮಾದರಿಯನ್ನು ಅದ್ದಿದೊಡನೆ ಸಾರಜನಕ ಕುದಿದು, ಮಾದರಿಯ ಸುತ್ತ ಆವಿಯ ಅಂಗಿ ತೊಡಿಸಿಬಿಡುತ್ತದೆ. ಅಷ್ಟು ತಣ್ಣಗಿದ್ದರೂ ಅದು ನಿಧಾನವಾಗಿಯೇ ತಂಪು ಮಾಡುತ್ತದೆ. ಆ ವಿಳಂಬದಲ್ಲಿ ಸ್ಫಟಿಕಗಳು ಬೆಳೆದುಬಿಡುತ್ತವೆ.

ಆದುದರಿಂದ ನಡುವೆ ಮತ್ತೊಂದು ದ್ರವ ಬೇಕಾಯಿತು. ಅದೇ ಈಥೇನ್, ನೆಲದಡಿಯಿಂದ ಬರುವ ಅನಿಲದಲ್ಲಿ ಸಿಕ್ಕುವ ಒಂದು ಉರಿಯುವ ವಸ್ತು. ಅದು ದ್ರವವಾಗಿರುವುದು ಸೊನ್ನೆಗಿಂತ 89 ಡಿಗ್ರಿ ಕೆಳಗಿನಿಂದ 183 ಡಿಗ್ರಿ ಕೆಳಗಿನವರೆಗೆ. ಸುತ್ತಲೂ ದ್ರವ ಸಾರಜನಕವಿಟ್ಟು ಈಥೇನನ್ನು ಅದರ ಹೆಪ್ಪುಗಟ್ಟುವ ಅಂಚಿಗೆ ತಂದು ನಿಲ್ಲಿಸಿದರೆ, ಮಾದರಿ ಬಂದು ಬಿದ್ದಾಗ ಅದು ಕುದಿಯಬೇಕಾದರೆ ಇನ್ನೂ ಬಹಳ ಡಿಗ್ರಿ ಮೇಲೇರಬೇಕು. ಆದುದರಿಂದ ಆವಿಯ ಅಂಗಿಗೆ ಅವಕಾಶವಿಲ್ಲ. ಶಾಖವನ್ನು ಅದು ನೇರವಾಗಿ ಕಿತ್ತುಕೊಳ್ಳುತ್ತದೆ. ಸಾರಜನಕಕ್ಕಿಂತ ಹದಿಮೂರು ಡಿಗ್ರಿ ಬೆಚ್ಚಗಿರುವ ಈಥೇನ್ ಸಾರಜನಕಕ್ಕಿಂತ ಎಷ್ಟೋ ಬೇಗ ತಂಪು ಮಾಡುತ್ತದೆಂಬುದು ವಿಚಿತ್ರವೆನಿಸಿದರೂ ನಿಜ.

ಆ ಇಬ್ಬರೂ ಸಣ್ಣ ಜಾಲರಿಯೊಂದರ ಮೇಲೆ ನೀರಿನ ಹನಿಗಳನ್ನು ಸಿಂಪಡಿಸಿ, ಅತಿಶೈತ್ಯದ ದ್ರವದಲ್ಲಿ ಮುಳುಗಿಸಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಸ್ಫಟಿಕದ ಗುರುತೇ ಇಲ್ಲದ ಹನಿ ಅಲ್ಲಿತ್ತು. ಅದು ನೀರೇ ಹೌದೇ ಎಂಬ ಅನುಮಾನ ಬರುವುದು ಸಹಜ. ಮೆಲ್ಲಗೆ ಬೆಚ್ಚಗಾಗಿಸಿದಾಗ, ಸೊನ್ನೆಗಿಂತ ಸುಮಾರು 140 ಡಿಗ್ರಿ ಕೆಳಗೆ ಇದ್ದಕ್ಕಿದ್ದಂತೆ ಅದು ಮಂಜಿನ ಹರಳುಗಳಾಗಿ ಮಾರ್ಪಟ್ಟಿತು. ಅಲ್ಲಿಯವರೆಗೆ ಅದು ಗಾಜಾದ ನೀರಾಗಿತ್ತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಡ. ಈ ಸಂಗತಿ 1981ರಲ್ಲಿ ಪ್ರಕಟವಾಯಿತು. 1984ರಲ್ಲಿ ದ್ಯುಬೋಶೆಯವರ ತಂಡ ಗಾಜಾದ ನೀರಿನಲ್ಲಿ ಹುದುಗಿದ ವೈರಸ್ಸುಗಳ ಚಿತ್ರಗಳನ್ನು ಪ್ರಕಟಿಸಿತು. ಅವುಗಳಿಗೆ ಬಣ್ಣ ಬಳಿದಿರಲಿಲ್ಲ, ಒಣಗಿಸಿರಲಿಲ್ಲ. ದ್ಯುಬೋಶೆ, ಹೆಂಡರ್ಸನ್ ಮತ್ತು ಜೋಆಕಿಮ್ ಫ್ರಾಂಕ್ ಎಂಬ ಮೂವರಿಗೆ 2017ರಲ್ಲಿ ರಸಾಯನವಿಜ್ಞಾನದ ನೊಬೆಲ್ ಬಹುಮಾನ ಬಂದಿತು.

ಕೆಲಸದ ವಿಧಾನ ಇಂದು ಹೇಗಿದೆ ಎಂಬುದನ್ನು ನೋಡಲು ನಮ್ಮ ರಾಜ್ಯದಿಂದ ಹೊರಗೆ ಹೋಗಬೇಕಾಗಿಲ್ಲ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ, ಕೃಷಿ ವಿಶ್ವವಿದ್ಯಾನಿಲಯದ ಆವರಣದೊಳಗೆ, ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರವಿದೆ. 2010ರ ದಶಕದ ಕೊನೆಯ ವರ್ಷಗಳಲ್ಲಿ ಅಲ್ಲಿ ಮೂರು ಲಕ್ಷ ವೋಲ್ಟಿನ ಶೀತಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ರಾಷ್ಟ್ರೀಯ ಸೌಲಭ್ಯವಾಗಿ ಸ್ಥಾಪಿಸಿದರು. ಕೋಣೆಯ ಎತ್ತರಕ್ಕೆ ನಿಂತ ಕಪಾಟಿನಂಥ ಯಂತ್ರವದು. ನೋಡುವವರ ಕಣ್ಣು ಮೊದಲು ಹೋಗುವುದು ಅದರ ಮೇಲೆಯೇ. ಆದರೆ ಚಿತ್ರದ ಸೋಲು ಗೆಲುವು ಬಹುಮಟ್ಟಿಗೆ ತೀರ್ಮಾನವಾಗುವುದು ಪಕ್ಕದ ಕೋಣೆಯಲ್ಲಿ, ಮೇಜಿನ ಮೇಲಿಡಬಹುದಾದ ಇನ್ನೊಂದು ಯಂತ್ರದಲ್ಲಿ.

ಮಾದರಿಯನ್ನು ಹೊರುವ ಜಾಲರಿ ತಾಮ್ರದ್ದೋ ಚಿನ್ನದ್ದೋ ಆಗಿರುತ್ತದೆ. ಅದರ ಅಗಲ ಮೂರು ಮಿಲಿಮೀಟರ್, ಎಂದರೆ ಹೆಚ್ಚುಕಡಿಮೆ ಒಂದು ಕೊತ್ತಂಬರಿ ಬೀಜದಷ್ಟು. ಅದರ ಮೇಲೆ ಇಂಗಾಲದ ಅತಿ ತೆಳುವಾದ ಪೊರೆ ಹರಡಿದೆ. ಪೊರೆಯ ತುಂಬ ಒಂದೆರಡು ಸಾವಿರ ನ್ಯಾನೋಮೀಟರ್ ಅಗಲದ ತೂತುಗಳಿವೆ. ಈ ಜಾಲರಿಯನ್ನು ಇಕ್ಕಳದಿಂದ ಹಿಡಿದು, ಶುದ್ಧಗೊಳಿಸಿದ ಪ್ರೋಟೀನೋ ವೈರಸ್ಸೋ ಇರುವ ದ್ರಾವಣದ ಮೂರು ಮೈಕ್ರೋಲೀಟರಿನಷ್ಟನ್ನು ಅದರ ಮೇಲೆ ಇಡುತ್ತಾರೆ. ಇದು ಮಂಜಿನ ಹನಿಗಿಂತ ದೊಡ್ಡದಲ್ಲ. ಆದರೂ ಈ ಕೆಲಸಕ್ಕೆ ಸಾವಿರಾರು ಪಟ್ಟು ಹೆಚ್ಚು ದಪ್ಪ. ಎಲೆಕ್ಟ್ರಾನುಗಳು ತೂರಿಹೋಗಬೇಕಾದರೆ ನೀರಿನ ಪದರ 100 ನ್ಯಾನೋಮೀಟರಿಗಿಂತ ತೆಳ್ಳಗಿರಬೇಕು. ಅದಕ್ಕಾಗಿ ಮಸಿ ಹೀರುವ ಕಾಗದದಂಥ ಕಾಗದವನ್ನು ಎರಡು ಕಡೆಯಿಂದಲೂ ಒಂದೆರಡು ಸೆಕೆಂಡು ಒತ್ತಿ ನೀರನ್ನು ಹೀರಿಸುತ್ತಾರೆ. ಉಳಿಯುವುದು ತೂತುಗಳಿಗೆ ಅಡ್ಡಲಾಗಿ, ಸಾಬೂನಿನ ಗುಳ್ಳೆಯ ಪೊರೆಯ ಹಾಗೆ, ಕಟ್ಟಿಕೊಂಡ ನೀರಿನ ತೆಳ್ಳನೆಯ ತೆರೆ ಮಾತ್ರ. ಅದು ಅಷ್ಟರಲ್ಲೇ ಒಣಗದಿರಲೆಂದು ಆ ಪುಟ್ಟ ಗೂಡಿನ ಗಾಳಿಯಲ್ಲಿ ಪೂರ್ಣ ತೇವ ತುಂಬಿರುತ್ತದೆ. ಮರುಗಳಿಗೆಯಲ್ಲಿ ಇಕ್ಕಳ ಬಾಣದಂತೆ ಕೆಳಗಿನ ಈಥೇನಿನೊಳಗೆ ಧುಮುಕುತ್ತದೆ. ಸೆಕೆಂಡಿನ ಸಾವಿರದ ಒಂದು ಭಾಗದೊಳಗೆ ನೀರು ಗಾಜಾಗಿರುತ್ತದೆ. ಅದರಲ್ಲಿ ಈಜಾಡುತ್ತಿದ್ದ ಕಣಗಳು ಒಂದು ಓರೆಯಾಗಿ, ಒಂದು ನೇರವಾಗಿ, ಒಂದು ತಲೆಕೆಳಗಾಗಿ, ಇದ್ದ ಭಂಗಿಯಲ್ಲೇ ನಿಂತಿರುತ್ತವೆ.

ಕೇಳಲು ಸುಲಭ. ಮಾಡುವವರಿಗೆ ಮಾತ್ರ ತಾಳ್ಮೆಯ ಪರೀಕ್ಷೆ. ಕಾಗದ ಸ್ವಲ್ಪ ಹೆಚ್ಚು ಹೊತ್ತು ಒತ್ತಿದರೆ ತೆರೆ ಒಡೆದು ತೂತುಗಳು ಬರಿದಾಗುತ್ತವೆ. ಕಡಿಮೆಯಾದರೆ ನೀರು ದಪ್ಪಗೆ ಉಳಿದು ಚಿತ್ರ ಕಪ್ಪಾಗುತ್ತದೆ. ತೆರೆಯ ನಡುವೆ ತೆಳ್ಳಗೂ ಅಂಚಿನಲ್ಲಿ ದಪ್ಪವೂ ಆಗಿ, ಕಣಗಳೆಲ್ಲ ಅಂಚಿಗೇ ಸರಿದಿರಬಹುದು. ನೀರು ಗಾಳಿಗೆ ತಾಗುವ ಮೇಲ್ಮೈಗೆ ಬಡಿದು ಪ್ರೋಟೀನುಗಳು ಬಿಚ್ಚಿಹೋಗುವುದೂ ಉಂಟು. ಗಾಜಾದ ಮೇಲೆಯೂ ಅಪಾಯ ತಪ್ಪಿದ್ದಲ್ಲ. ಅಂದಿನಿಂದ ಜಾಲರಿ ಒಂದು ಕ್ಷಣವೂ ಸೊನ್ನೆಗಿಂತ 135 ಡಿಗ್ರಿ ಕೆಳಗಿನ ಮಿತಿಯನ್ನು ದಾಟಿ ಬೆಚ್ಚಗಾಗಬಾರದು. ಆದರೆ ಗಾಜು ಹರಳಾಗಿ ಕೆಲಸವೆಲ್ಲ ವ್ಯರ್ಥ. ಅದನ್ನು ಎತ್ತುವ ಇಕ್ಕಳವನ್ನೂ ಮೊದಲೇ ಸಾರಜನಕದಲ್ಲಿ ಅದ್ದಿ ತಂಪಾಗಿಸಬೇಕು. ಮಾಡುವವರು ಬಾಗಿ ನೋಡುವಾಗ ಬಿಟ್ಟ ಉಸಿರಿನ ತೇವ ತಾಗಿದರೂ ಸಾಕು, ಜಾಲರಿಯ ಮೇಲೆ ಮಂಜಿನ ಕಣಗಳು ಉದುರಿ ಕೂರುತ್ತವೆ. ಮಳೆಗಾಲದಲ್ಲಂತೂ ಕೋಣೆಯ ಗಾಳಿಯ ತೇವವನ್ನು ಯಂತ್ರಗಳಿಂದ ತೆಗೆಯುತ್ತಲೇ ಇರಬೇಕು. ಮನುಷ್ಯರಿಗೂ ಎಚ್ಚರ ಅಗತ್ಯ. ಈಥೇನಿಗೆ ಕಿಡಿ ತಾಗಬಾರದು. ಅದು ಚರ್ಮಕ್ಕೆ ಸಿಡಿದರೆ ಬೆಂಕಿಯಂತೆಯೇ ಸುಡುತ್ತದೆ. ಒಂದು ಲೀಟರ್ ದ್ರವ ಸಾರಜನಕ ಸುಮಾರು 700 ಲೀಟರ್ ಅನಿಲವಾಗಿ ಹರಡುವುದರಿಂದ, ಗಾಳಿಯಾಡದ ಕೋಣೆಯಲ್ಲಿ ಅದು ಆಮ್ಲಜನಕವನ್ನು ಹೊರದೂಡಿ ಉಸಿರು ಕಟ್ಟಿಸಬಲ್ಲುದು. ಸರಗೂರಿನ ಪಾತ್ರೆಯ ವಿಷಯದಲ್ಲಿಯೂ ಈ ಎಚ್ಚರ ಸಲ್ಲುತ್ತದೆ; ಆಟಕ್ಕಾಗಿ ಅದರ ಮುಚ್ಚಳಕ್ಕೆ ಕೈಹಾಕಬಾರದು.

ಇಲ್ಲಿಯವರೆಗೆ ಹೇಳಿದ್ದು ತೆಳುವಾದ ನೀರಿನ ತೆರೆಯ ಮಾತು. ಒಂದು ಎಲೆಯ ಚೂರನ್ನೋ ಪ್ರಾಣಿಯ ಅಂಗಾಂಶವನ್ನೋ ಹೀಗೆ ಅದ್ದಿದರೆ ಹೊರಮೈ ಮಾತ್ರ ಗಾಜಾಗುತ್ತದೆ. ಒಳಗೆ ಶೈತ್ಯ ತಲಪುವಷ್ಟರಲ್ಲಿ ಹರಳುಗಳು ಬೆಳೆದಿರುತ್ತವೆ. ಅದಕ್ಕೆ ಬೇರೆ ಉಪಾಯವಿದೆ. ನೀರು ಹೆಪ್ಪುಗಟ್ಟುವಾಗ ಹಿಗ್ಗುತ್ತದೆಂದು ಮೇಲೆ ಹೇಳಿದೆವಷ್ಟೆ. ಹಿಗ್ಗಲು ಬಿಡದೆ ಒತ್ತಿಹಿಡಿದರೆ ಹರಳು ಹುಟ್ಟುವುದು ಕಷ್ಟವಾಗುತ್ತದೆ. ವಾಯುಮಂಡಲದ ಒತ್ತಡದ ಎರಡು ಸಾವಿರ ಪಟ್ಟಿಗೂ ಮಿಕ್ಕ ಒತ್ತಡದಲ್ಲಿ ಸಾರಜನಕದ ಧಾರೆ ಹಾಯಿಸಿ ತಂಪು ಮಾಡಿದರೆ, ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟು ದಪ್ಪದ ಅಂಗಾಂಶವೂ ಗಾಜಾಗುತ್ತದೆ. ಇದಕ್ಕೆ ದಾರಿ ಹಾಕಿದವರು ಸ್ವಿಟ್ಜರ್ಲೆಂಡಿನ ಹಾನ್ಸ್ ಮೋರ್. ಆಮೇಲೆ ಅದನ್ನು ಆ ಶೈತ್ಯದಲ್ಲಿಯೇ ವಜ್ರದ ಅಲಗಿನಿಂದ ಕೊಯ್ಯಬೇಕು, ಇಲ್ಲವೆ ಅಯಾನುಗಳ ಧಾರೆಯಿಂದ ಎರಡೂ ಕಡೆ ಸವೆಸಿ ತೆಳ್ಳಗಾಗಿಸಬೇಕು.

ಸಿದ್ಧವಾದ ಜಾಲರಿಯನ್ನು ಸೂಕ್ಷ್ಮದರ್ಶಕದೊಳಗೆ ಇಟ್ಟ ಮೇಲೆ ಇನ್ನೊಂದು ತೊಡಕು. ಎಲೆಕ್ಟ್ರಾನುಗಳ ಧಾರೆ ತಾನು ತೋರಿಸುವ ವಸ್ತುವನ್ನೇ ಸುಡುತ್ತದೆ. ಶೈತ್ಯ ಈ ಹಾನಿಯನ್ನು ಕಡಿಮೆ ಮಾಡುತ್ತದೆಯೇ ಹೊರತು ಇಲ್ಲವಾಗಿಸದು. ಆದಕಾರಣ ಬಹಳ ಕಡಿಮೆ ಎಲೆಕ್ಟ್ರಾನುಗಳನ್ನು ಬಳಸಬೇಕು. ಆಗ ದೊರೆಯುವ ಚಿತ್ರವೋ ಮುಂಜಾವಿನ ಮಂಜಿನಲ್ಲಿ ದೂರದ ಮರವನ್ನು ಕಂಡಷ್ಟೇ ಮಸುಕು. ಒಂದೇ ಬಗೆಯ ಲಕ್ಷಾಂತರ ಕಣಗಳ ಮಸುಕು ಚಿತ್ರಗಳನ್ನು ಗಣಕಯಂತ್ರದಿಂದ ಭಂಗಿಗೆ ತಕ್ಕಂತೆ ವಿಂಗಡಿಸಿ, ಒಂದರ ಮೇಲೊಂದು ಹೊಂದಿಸಿ, ಸ್ಪಷ್ಟವಾದ ಒಂದು ಆಕೃತಿಯನ್ನು ಪಡೆಯುವ ವಿಧಾನವನ್ನು ರೂಪಿಸಿದವರೇ ಮೇಲೆ ಹೆಸರಿಸಿದ ಜೋಆಕಿಮ್ ಫ್ರಾಂಕ್. 2020ರಲ್ಲಿ ಕೇಂಬ್ರಿಜ್ ಮತ್ತು ಗಟಿಂಗೆನ್ ನಗರಗಳ ತಂಡಗಳು ಒಂದು ಪ್ರೋಟೀನಿನ ಒಂದೊಂದು ಪರಮಾಣುವೂ ಬೇರೆಬೇರೆಯಾಗಿ ಕಾಣುವಂಥ ಚಿತ್ರಗಳನ್ನು ಪ್ರಕಟಿಸಿದುವು. ಅದೇ ವರ್ಷದ ಮೊದಲಲ್ಲಿ, ಕೊರೋನಾ ವೈರಸ್ಸಿನ ತಳಿಗುಣದ ಲಿಪಿ ತಿಳಿದುಬಂದ ಕೆಲವೇ ವಾರಗಳಲ್ಲಿ, ಅದರ ಮೈಮೇಲಿನ ಮುಳ್ಳಿನ ರೂಪವನ್ನು ಅಮೆರಿಕದ ವಿಜ್ಞಾನಿಗಳು ಇದೇ ವಿಧಾನದಿಂದ ಕಂಡುಹಿಡಿದರು. ಹಲವು ಲಸಿಕೆಗಳು ಶರೀರಕ್ಕೆ ಪರಿಚಯ ಮಾಡಿಕೊಟ್ಟದ್ದು ಆ ಮುಳ್ಳನ್ನೇ.

ಈ ಮಾತು ಸರಗೂರಿಗೆ ದೂರದ್ದಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ 2012ರಲ್ಲಿ ಬಂಡೀಪುರದ ಕಾಡಿನಲ್ಲಿ ಕಾಣಿಸಿಕೊಂಡಿತು. ಬಳಿಕ ನೆರೆಯ ವಯನಾಡಿನಲ್ಲಿಯೂ ಜನರನ್ನು ಬಾಧಿಸಿತು. ಈ ಎರಡು ಕಾಡುಗಳೂ ಸರಗೂರಿನ ನೆರೆಯವೇ. ಉಣುಗಿನ ಕಡಿತದಿಂದ ಹರಡುವ ಈ ರೋಗದ ವೈರಸ್ಸು ಡೆಂಗೆ ವೈರಸ್ಸಿನ ಕುಲಕ್ಕೆ ಸೇರಿದ್ದು. ಡೆಂಗೆ ವೈರಸ್ಸಿನ ರೂಪವನ್ನು 2002ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದವರು ಗಾಜಾದ ನೀರಿನಲ್ಲಿಯೇ ಕಂಡರು. ಮಂಗನ ಕಾಯಿಲೆಯ ವೈರಸ್ಸಿಗೆ ಇನ್ನೂ ಹತ್ತಿರದ ಬಂಧು ಯುರೋಪಿನ ಕಾಡುಗಳಲ್ಲಿ ಉಣುಗಿನಿಂದಲೇ ಹರಡಿ ಮೆದುಳಿನ ಉರಿಯೂತ ತರುವ ವೈರಸ್ಸು. ಅದರ ರೂಪ 2018ರಲ್ಲಿ ಪ್ರಕಟವಾಯಿತು. ವೈರಸ್ಸಿನ ಮೈಯ ಯಾವ ಭಾಗವನ್ನು ನಮ್ಮ ಶರೀರದ ರಕ್ಷಕ ಪ್ರೋಟೀನುಗಳು ಹಿಡಿದುಕೊಳ್ಳುತ್ತವೆಂಬುದು ಇಂಥ ಚಿತ್ರಗಳಲ್ಲಿ ಕಾಣುತ್ತದೆ. ಲಸಿಕೆ ರೂಪಿಸುವವರಿಗೆ ಬೇಕಾದುದೂ ಅದೇ.

ಚೆನ್ನಾಗಿ ಸಿದ್ಧವಾದ ಜಾಲರಿಗಳನ್ನು ಒಂದೇ ದಿನ ನೋಡಿ ಮುಗಿಸಬೇಕೆಂದೇನೂ ಇಲ್ಲ. ನಾಲ್ಕು ನಾಲ್ಕನ್ನು ಗುಂಡಿಯಷ್ಟು ಚಿಕ್ಕದಾದ ಡಬ್ಬಿಯಲ್ಲಿಟ್ಟು, ಡಬ್ಬಿಗೆ ಗುರುತು ಬರೆದು, ಅಗಲವಾದ ಹೊಟ್ಟೆಯ, ಕಿರಿದಾದ ಕೊರಳಿನ ಪಾತ್ರೆಯೊಳಗೆ ಇಳಿಬಿಡುತ್ತಾರೆ. ಅಲ್ಲಿ ಅವು ವರ್ಷಗಟ್ಟಲೆ ಹಾಗೆಯೇ ಇರುತ್ತವೆ. ಆರಿಹೋದಷ್ಟು ಸಾರಜನಕವನ್ನು ವಾರಕ್ಕೊಮ್ಮೆಯಾದರೂ ನೋಡಿ ತುಂಬುವ ಕೆಲಸ ಒಬ್ಬರದು, ಅವರು ಮರೆಯುವಂತಿಲ್ಲ.